ಬಲ್ಲವರ ಸಂಯಮ: ಹಂಪೆಯ ಮಲ್ಲರಂಗವನ್ನು ಕುರಿತು ಒಂದು ವಿಚಾರ

ಹೊಸಪೇಟೆಯಿಂದ ಕಮಲಾಪುರದ ಮಾರ್ಗವಾಗಿ ಹಂಪೆಯನ್ನು ಪ್ರವೇಶಿಸುವ ಯಾತ್ರಿಕರು ಅರಮನೆಯ ಆವರಣದಲ್ಲಿರುವ ಮಹಾನವಮಿ ದಿಬ್ಬವನ್ನು ಕಾಣದೆ ಹಿಂದಿರುಗುವುದು ವಿರಳ. ಹಂತಹಂತವಾಗಿ ಮೇಲೇರಿರುವ ಈ ಎತ್ತರದ ವೇದಿಕೆಯ ಪಕ್ಕಗಳಲ್ಲಿ ಆನೆ, ಕುದುರೆ, ಒಂಟೆಗಳ ಸಾಲು, ಬೇಟೆಯ ದೃಶ್ಯಗಳು, ನರ್ತಕಿಯರ ತಂಡಗಳು ಕೆತ್ತಲ್ಪಟ್ಟಿವೆ. ಇವುಗಳ ನಡುವೆ ಒಬ್ಬರನ್ನೊಬ್ಬರು ಹಿಡಿದು ಸೆಣಸುತ್ತಿರುವ ಮಲ್ಲರ ಉಬ್ಬುಶಿಲ್ಪಗಳೂ ಇವೆ. ನೋಡುವವರು ಸಾಮಾನ್ಯವಾಗಿ ಆನೆಗಳ ಸಾಲಿನ ಬಳಿ ನಿಲ್ಲುತ್ತಾರೆ. ಮಲ್ಲರ ಬಳಿ ನಿಲ್ಲುವವರು ಕಡಮೆ. ಆದರೆ ಇಂದು ಮನೆಮನೆಯಲ್ಲಿಯೂ ಏಳುತ್ತಿರುವ ಒಂದು ಪ್ರಶ್ನೆಗೆ ಉತ್ತರದ ಕೆಲವು ಎಳೆಗಳು ಆ ಮಲ್ಲರ ಇತಿಹಾಸದಲ್ಲಿ ದೊರೆಯುತ್ತವೆ.

ಪ್ರಶ್ನೆ ಸರಳವಾದುದು. ಆಟವನ್ನು ಚೆನ್ನಾಗಿ ಬಲ್ಲವನು ಈಗತಾನೆ ಕಲಿಯುತ್ತಿರುವವನೊಡನೆ ಸ್ಪರ್ಧಿಸುವಾಗ ತನ್ನ ಪೂರ್ಣ ಶಕ್ತಿಯನ್ನು ತೋರಬೇಕೆ, ಇಲ್ಲವೆ ಕೈತಡೆದು ಆಡಬೇಕೆ? ಶಾಲೆಯಿಂದ ಬಂದ ಅಣ್ಣತಮ್ಮಂದಿರು ಮೊಬೈಲ್ ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಓಟದ ಆಟ, ಕಾಳಗದ ಆಟಗಳಿಗೆ ಕುಳಿತಾಗ ಈ ಪ್ರಶ್ನೆ ದಿನವೂ ಏಳುತ್ತದೆ. ಅಣ್ಣನು ಗೆಲ್ಲುತ್ತಲೇ ಹೋದರೆ ತಮ್ಮನು ಅಳುತ್ತ ಎದ್ದುಹೋಗುತ್ತಾನೆ. ಅಣ್ಣನು ಬೇಕೆಂದೇ ಸೋತರೆ ಅದು ತಮ್ಮನಿಗೆ ತಿಳಿದುಬಿಡುತ್ತದೆ. ಆಗ ಅವನ ಸಿಟ್ಟು ಇನ್ನೂ ಹೆಚ್ಚು. "ಚಿಕ್ಕವನಲ್ಲವೇನಪ್ಪ, ಒಂದು ಸಲ ಸೋತರೆ ನಿನ್ನ ಗಂಟೇನು ಹೋಗುತ್ತದೆ?" ಎನ್ನುತ್ತಾರೆ ತಾಯಿ. "ಸುಳ್ಳು ಗೆಲವು ಕೊಟ್ಟು ಹುಡುಗನನ್ನು ಕೆಡಿಸಬೇಡ" ಎನ್ನುತ್ತಾರೆ ತಂದೆ. ತಾಯಿಯ ಮಾತಿನ ಹಿಂದೆ ದಯೆಯಿದೆ. ತಂದೆಯ ಮಾತಿನ ಹಿಂದೆ ಸತ್ಯವಿದೆ. ದಯೆ, ಸತ್ಯ ಎರಡೂ ವ್ರತಗಳೇ ಆಗಿರುವ ಮನೆಗಳಲ್ಲಿ ಇವೆರಡೂ ಎದುರುಬದುರಾಗಿ ನಿಂತರೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು? ಆಟದ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ತನಗಿಂತ ದುರ್ಬಲನಾದವನೊಡನೆ ಹೇಗೆ ವರ್ತಿಸಬೇಕೆಂಬುದನ್ನು ಮನುಷ್ಯನು ಮೊದಲು ಕಲಿಯುವುದು ಆಟದ ಅಂಗಳದಲ್ಲಿಯೇ.

ವಿಜಯನಗರದ ಮಲ್ಲರಂಗವನ್ನು ಕಣ್ಣಾರೆ ಕಂಡು ಬರೆದವರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮುಖ್ಯನಾದವನು. ಶ್ರೀಕೃಷ್ಣದೇವರಾಯನ (1509–1529) ಆಳ್ವಿಕೆಯಲ್ಲಿ, ಸುಮಾರು 1520ರಲ್ಲಿ, ಅವನು ಈ ನಗರದಲ್ಲಿದ್ದನು. ಅವನ ಬರಹವನ್ನು ಇನ್ನೊಬ್ಬ ಪೋರ್ಚುಗೀಸನಾದ ನ್ಯೂನಿಜನ ವೃತ್ತಾಂತದೊಡನೆ ರಾಬರ್ಟ್ ಸಿವೆಲ್ ಅವರು ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದರು. ಮಹಾನವಮಿಯ ಒಂಬತ್ತು ದಿನಗಳ ವೈಭವವನ್ನು ವರ್ಣಿಸುವಾಗ ಪಾಯೆಸನು ಕುಸ್ತಿಯನ್ನೂ ಕುರಿತು ಹೇಳುತ್ತಾನೆ. ಇಲ್ಲಿನ ಕುಸ್ತಿ ತನ್ನ ದೇಶದ ಕುಸ್ತಿಯಂತಿಲ್ಲವೆಂಬುದು ಅವನಿಗೆ ಎದ್ದುಕಂಡ ಸಂಗತಿ. ಮಲ್ಲರು ಹಿಡಿದು ಕೆಡಹುವುದರ ಜೊತೆಗೆ ಬಲವಾಗಿ ಗುದ್ದುತ್ತಿದ್ದರು. ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು, ಮುಖ ವಿಕಾರವಾಗುತ್ತಿತ್ತು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುವುದನ್ನೂ ಅವನು ಕಂಡನು.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಈ ವರ್ಣನೆ ಹಿತವಾಗದು. ಆದರೆ ಅದೇ ವರ್ಣನೆಯ ಕೊನೆಯಲ್ಲಿ ಪಾಯೆಸನು ಒಂದು ಸಣ್ಣ ವಿವರವನ್ನು ಸೇರಿಸುತ್ತಾನೆ. ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರು. ಗೆದ್ದವನಿಗೆ ಸಲ್ಲಬೇಕಾದ ಗೌರವವನ್ನು ನಿರ್ಣಯಿಸುವುದು ಅವರ ಒಂದು ಕೆಲಸ. ಕಣದಲ್ಲಿ ಇಬ್ಬರನ್ನೂ ಸಮಸ್ಥಿತಿಯಲ್ಲಿ ನಿಲ್ಲಿಸುವುದು ಇನ್ನೊಂದು ಕೆಲಸ. ಅಷ್ಟು ಕ್ರೂರವಾದ ಆಟದಲ್ಲಿಯೂ ಕಾಳಗ ಆರಂಭವಾಗುವ ಮೊದಲು ಸಮತೆಯನ್ನು ನೋಡಿಕೊಳ್ಳುವವರು ಇದ್ದರೆಂಬುದು ಗಮನಾರ್ಹ. ಬಲ್ಲವನು ಎಳೆಯನ ಮೇಲೆ ಕನಿಕರ ತೋರುವನೋ ಇಲ್ಲವೋ ಎಂಬುದನ್ನು ಅವನ ಮನಸ್ಸಿಗೇ ಬಿಟ್ಟಿರಲಿಲ್ಲ. ಹೊಣೆಯನ್ನು ಕಣದ ವ್ಯವಸ್ಥೆಯೇ ಹೊತ್ತುಕೊಂಡಿತ್ತು.

ಈ ವ್ಯವಸ್ಥೆ ವಿಜಯನಗರದವರು ಹೊಸದಾಗಿ ಕಂಡುಕೊಂಡುದಲ್ಲ. ಅದಕ್ಕೂ ಸುಮಾರು ನಾಲ್ಕು ನೂರು ವರ್ಷ ಮೊದಲು ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ 'ಮಲ್ಲವಿನೋದ'ವೆಂಬ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು ಮತ್ತು ಬಲಗಳಿಗೆ ಅನುಸಾರವಾಗಿ ವರ್ಗ ಮಾಡುವ ಕ್ರಮವನ್ನು ಅಲ್ಲಿ ವಿವರಿಸಲಾಗಿದೆ. ಅವರ ವ್ಯಾಯಾಮ, ಆಹಾರಗಳ ವಿಷಯವೂ ಅಲ್ಲಿ ಬರುತ್ತದೆ. ತುಂಗಭದ್ರೆಯ ದಡದ ಈ ಸೀಮೆಯೂ ಆ ಚಾಳುಕ್ಯರ ಆಳ್ವಿಕೆಗೆ ಒಳಪಟ್ಟಿದ್ದುದೇ. ಇಂದು ಜಗತ್ತಿನ ಬಹುಪಾಲು ಕುಸ್ತಿ ಸ್ಪರ್ಧೆಗಳಲ್ಲಿ ತೂಕದ ವರ್ಗಗಳಿವೆ. ಹನ್ನೆರಡನೆಯ ಶತಮಾನದ ಕನ್ನಡ ನಾಡಿನ ಅರಸನೊಬ್ಬನು, ಎಳೆಯ ಮಲ್ಲನನ್ನು ಬಲಿತ ಮಲ್ಲನ ಎದುರಿಗೆ ನಿಲ್ಲಿಸಬಾರದೆಂಬ ವಿವೇಕವನ್ನು ಶಾಸ್ತ್ರದ ರೂಪದಲ್ಲಿ ಬರೆದಿಟ್ಟಿದ್ದನೆಂಬುದು ಹೆಮ್ಮೆಪಡಬೇಕಾದ ಸಂಗತಿ.

ನ್ಯೂನಿಜನು ಕುದುರೆ ವ್ಯಾಪಾರಿ. 1535ರ ಸುಮಾರಿಗೆ, ಅಚ್ಯುತದೇವರಾಯನ ಕಾಲದಲ್ಲಿ, ಅವನು ಇಲ್ಲಿದ್ದನು. ಮಹಾನವಮಿಯ ಮಲ್ಲರನ್ನು ಕುರಿತು ಅವನು ಕೊಡುವ ವಿವರ ಪಾಯೆಸನಿಗಿಂತ ಭಿನ್ನವಾದುದು, ಮತ್ತು ಹೆಚ್ಚು ವಿಚಾರಯೋಗ್ಯವಾದುದು. ಮಲ್ಲರು ಮೊನೆಗಳುಳ್ಳ ಬಳೆಯಂತಹ ಆಯುಧಗಳನ್ನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನು ಮುಂದೆ ಹೋಗಿ ಅರಸನಿಂದ ರೇಷ್ಮೆಯ ಬಟ್ಟೆಯನ್ನು ಬಹುಮಾನವಾಗಿ ಪಡೆಯುತ್ತಿದ್ದನೆಂದೂ ಅವನು ಹೇಳುತ್ತಾನೆ. ಗೆದ್ದವನಿಗೆ ಬಹುಮಾನವೆಂಬುದು ಲೋಕದ ರೂಢಿ. ಹೆಚ್ಚು ನೊಂದವನಿಗೆ ಬಹುಮಾನವೆಂಬುದು ಈ ಊರಿನಲ್ಲಿ ಆ ವಿದೇಶೀಯನು ಕಂಡ ವಿಶೇಷ. ಇದರ ಹಿಂದಿನ ಉದ್ದೇಶವನ್ನು ನ್ಯೂನಿಜನು ವಿವರಿಸುವುದಿಲ್ಲ. ಆದರೆ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ನೆತ್ತರು ಸುರಿಸಿಕೊಂಡು ಕಣದಿಂದ ಹೊರಟವನು ತಲೆ ತಗ್ಗಿಸಿ ಹೋಗಬೇಕಾಗಿರಲಿಲ್ಲ. ಅರಸನ ಮುಂದೆ ನಿಂತು, ಎಲ್ಲರೂ ನೋಡುತ್ತಿರುವಂತೆ ರೇಷ್ಮೆಯನ್ನು ಹೊದ್ದು ಹೋಗುತ್ತಿದ್ದನು.

ಆ ಮೊನೆಯುಳ್ಳ ಬಳೆಯ ನೆನಪು ಕರ್ನಾಟಕದಲ್ಲಿ ಇನ್ನೂ ಅಳಿದಿಲ್ಲ. 1565ರಲ್ಲಿ ವಿಜಯನಗರವು ಹಾಳಾದ ಮೇಲೆ ಮಹಾನವಮಿಯ ಉತ್ಸವವು ಮೈಸೂರು ಅರಸರ ಆಶ್ರಯದಲ್ಲಿ ಮುಂದುವರಿಯಿತು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಅದನ್ನು ಆರಂಭಿಸಿದರು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಅದರ ನಿಯಮ ತಿಳಿದಿದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಯಲ್ಲಿ ಮೊನೆಯುಳ್ಳ ಆಯುಧವನ್ನು ಹಿಡಿದು ಕಣಕ್ಕೆ ಇಳಿಯುತ್ತಾರೆ. ಒಬ್ಬನ ನೆತ್ತಿಯಲ್ಲಿ ರಕ್ತದ ಹನಿ ಕಾಣಿಸಿದೊಡನೆ ಕಾಳಗ ನಿಲ್ಲುತ್ತದೆ. ಹೊಡೆಯಬಲ್ಲವನು ಎರಡನೆಯ ಏಟನ್ನು ಹೊಡೆಯುವಂತಿಲ್ಲ. ಹಿಂಸೆಯ ಆಟವೇ ಆದರೂ ಅದಕ್ಕೆ ಒಂದು ಎಲ್ಲೆಯಿದೆ, ಮತ್ತು ಆ ಎಲ್ಲೆ ಆಡುವವರ ಕೋಪತಾಪಗಳನ್ನು ಅವಲಂಬಿಸಿಲ್ಲ.

ಇನ್ನು ಕೃಷ್ಣದೇವರಾಯನ ಸ್ವಂತ ಸಾಧನೆಯ ವಿಷಯ. ಪಾಯೆಸನ ಪ್ರಕಾರ ಅರಸನು ನಸುಕಿಗೆ ಮುಂಚೆಯೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದನು. ಬಳಿಕ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಕತ್ತಿಯ ಸಾಧನೆ. ಅನಂತರ ತನ್ನ ಮಲ್ಲರಲ್ಲಿ ಒಬ್ಬನೊಡನೆ ಕುಸ್ತಿ. ಕೊನೆಗೆ ಕುದುರೆಯೇರಿ ಬೆಳಗಾಗುವವರೆಗೆ ಬಯಲಿನಲ್ಲಿ ಸವಾರಿ. ಇಷ್ಟೂ ನಡೆಯುತ್ತಿದ್ದುದು ಊರು ಎಚ್ಚರಗೊಳ್ಳುವ ಮೊದಲು.

ಆ ಹೊತ್ತಿನಲ್ಲಿ ಅರಸನ ಎದುರಿಗೆ ನಿಂತ ಮಲ್ಲನ ಮನಸ್ಸನ್ನು ಒಮ್ಮೆ ಚಿತ್ರಿಸಿಕೊಳ್ಳಬಹುದು. ಕುಸ್ತಿಯೇ ಅವನ ಜೀವನ. ಅರಸನು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅವನಿಗೆ ನೂರು ಕೆಲಸ; ಮಲ್ಲನಿಗೆ ಒಂದೇ ಕೆಲಸ. ಈ ಮಲ್ಲನು ಪೂರ್ಣಬಲದಿಂದ ಅರಸನನ್ನು ಕೆಡಹಿದರೆ ಅವಿನಯವಾಗಬಹುದೆಂಬ ಭಯ. ಬೇಕೆಂದೇ ಕೆಳಗೆ ಬಿದ್ದರೆ ಅರಸನಿಗೆ ತನ್ನ ಬಲದ ವಿಷಯದಲ್ಲಿ ತಪ್ಪು ತಿಳಿವಳಿಕೆ. ಮೈಮರೆಸುವ ಅಂತಹ ಗೆಲವು ಅಂಗಳದಲ್ಲಿ ಸಿಹಿಯಾಗಿದ್ದೀತು. ಯುದ್ಧಭೂಮಿಯಲ್ಲಿ ಅದು ಪ್ರಾಣಕ್ಕೆ ಎರವಾದೀತು. ಆ ದಿನಗಳಲ್ಲಿಯೇ, 1520ರಲ್ಲಿ, ಕೃಷ್ಣದೇವರಾಯನು ಸ್ವತಃ ದಂಡೆತ್ತಿಹೋಗಿ ರಾಯಚೂರಿನ ಯುದ್ಧವನ್ನು ನಡೆಸಿದನೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಮಲ್ಲನು ನಿಜವಾಗಿ ಹೇಗೆ ಆಡಿದನೆಂಬುದನ್ನು ಪಾಯೆಸನು ಹೇಳಿಲ್ಲ. ಆದರೆ ಅರಸನಿಗೆ ಹಿತವಾದ ಸೇವೆ ಯಾವುದೆಂಬುದರಲ್ಲಿ ಸಂದೇಹವಿಲ್ಲ. ಭಯದಿಂದಲೋ ಲಾಭದ ಆಸೆಯಿಂದಲೋ ಸೋಲುವುದು ಮುಖಸ್ತುತಿಯ ಇನ್ನೊಂದು ರೂಪ. ಅದನ್ನು ದಯೆಯೆಂದು ಕರೆಯಲಾಗದು.

ಹಾಗಾದರೆ ನಿಜವಾದ ಕೈತಡೆ ಯಾವುದು? ಇದಕ್ಕೆ ಉತ್ತರವನ್ನು ಗರಡಿಮನೆಯಲ್ಲಿ ಹುಡುಕಬೇಕು. ಹೊಸಪೇಟೆ, ಕಂಪ್ಲಿ, ಸಂಡೂರುಗಳನ್ನೊಳಗೊಂಡ ಬಳ್ಳಾರಿ ಸೀಮೆಯಲ್ಲಿ ಗರಡಿಯ ಸಂಪ್ರದಾಯ ಹಳೆಯದು. ಜಾತ್ರೆಗಳಲ್ಲಿ ಬಯಲು ಕುಸ್ತಿಗೆ ಜನ ಸೇರುತ್ತಿದ್ದುದನ್ನು ಹಿರಿಯರು ಬಲ್ಲರು. ಜಾತ್ರೆಯ ಕಣಕ್ಕೂ ಗರಡಿಯ ಒಳಗಿನ ಮಣ್ಣಿಗೂ ಬಹಳ ವ್ಯತ್ಯಾಸವಿದೆ. ಜಾತ್ರೆಯ ಕಣದಲ್ಲಿ ಜನರಿದ್ದಾರೆ, ಹಲಗೆಯ ಸದ್ದಿದೆ, ಬಹುಮಾನವಿದೆ. ಗರಡಿಯಲ್ಲಿ ಇರುವುದು ಮಣ್ಣು, ಮಾರುತಿಯ ಪಟ, ಉಸ್ತಾದ ಮತ್ತು ಕಲಿಯುವ ಹುಡುಗರು. ಅಲ್ಲಿ ಹಿರಿಯ ಪೈಲ್ವಾನನು ಕಿರಿಯನಿಗೆ ತನ್ನ ಮೈಯನ್ನೇ ಪಾಠವಾಗಿ ಕೊಡುತ್ತಾನೆ. ತನ್ನ ಭಾರವನ್ನೆಲ್ಲ ಒಮ್ಮೆಗೇ ಹೇರದೆ ಹುಡುಗನು ತಾಳುವಷ್ಟು ಹೇರುತ್ತಾನೆ. ಹಿಡಿಯಲು ಕಾಲನ್ನು ಕೊಡುತ್ತಾನೆ, ಕೈಯನ್ನು ಕೊಡುತ್ತಾನೆ. ಹುಡುಗನ ಪಟ್ಟು ಸರಿಯಾಗಿ ಬಿದ್ದರೆ ತಾನೂ ಕೆಳಗೆ ಬೀಳುತ್ತಾನೆ. ಪಟ್ಟು ತಪ್ಪಿದ್ದರೆ ಎಷ್ಟು ಎಳೆದರೂ ಬೀಳುವುದಿಲ್ಲ.

ಈ ಕೊನೆಯ ಅಂಶದಲ್ಲಿ ಇಡೀ ವಿಚಾರದ ತಿರುಳಿದೆ. ಹಿರಿಯನು ತಗ್ಗಿಸಿಕೊಂಡದ್ದು ಬಲವನ್ನು. ಪಟ್ಟು ಸರಿಯೋ ತಪ್ಪೋ ಎಂಬ ವಿಷಯದಲ್ಲಿ ಅವನು ಹುಡುಗನಿಗೆ ಸುಳ್ಳು ಹೇಳಲಿಲ್ಲ. ಪೂರ್ಣಬಲವನ್ನು ತೋರಿದ್ದರೆ ಸರಿಯಾದ ಪಟ್ಟು ಕೂಡ ವಿಫಲವಾಗಿ, ತಾನು ಕಲಿತದ್ದೇ ತಪ್ಪೆಂದು ಹುಡುಗನು ಭಾವಿಸುತ್ತಿದ್ದನು. ತಪ್ಪು ಪಟ್ಟಿಗೂ ಬಿದ್ದಿದ್ದರೆ ತಪ್ಪನ್ನೇ ಸರಿಯೆಂದು ನಂಬುತ್ತಿದ್ದನು. ಎರಡರಲ್ಲಿಯೂ ಕಲಿಯುವವನಿಗೆ ನಷ್ಟ. ಬಲವನ್ನು ಅಳೆದು ಕೊಟ್ಟು, ಸರಿತಪ್ಪುಗಳ ಭೇದವನ್ನು ಅಳಿಸದೆ ಇರುವುದರಿಂದ ಉಸ್ತಾದನ ದಯೆಯೂ ಸತ್ಯವೂ ಒಂದೇ ಕಡೆ ನಿಲ್ಲುತ್ತವೆ. ತಾಯಿತಂದೆಯರ ವಾದದಲ್ಲಿ ಎದುರುಬದುರಾಗಿ ನಿಂತಿದ್ದ ಎರಡು ವ್ರತಗಳು ಗರಡಿಯ ಮಣ್ಣಿನಲ್ಲಿ ಜೊತೆಯಾಗುವುದು ಹೀಗೆ.

ಇದೇ ಕೈತಡೆಯನ್ನು ಜಾತ್ರೆಯ ಕಣಕ್ಕೆ ತಂದರೆ ಅರ್ಥ ಬದಲಾಗುತ್ತದೆ. ಬಹುಮಾನದ ಹಣವನ್ನು ಹಂಚಿಕೊಳ್ಳಲು ಇಬ್ಬರು ಮೊದಲೇ ಮಾತನಾಡಿಕೊಂಡು ಆಡಿದ ಕುಸ್ತಿಯನ್ನು ಊರಿನ ಜನ ಎಂದೂ ಕ್ಷಮಿಸಲಿಲ್ಲ. ಹೊರಗಿನಿಂದ ನೋಡಿದರೆ ಅಲ್ಲಿಯೂ ಒಬ್ಬ ಬಲಶಾಲಿ ಕೈತಡೆದಿದ್ದಾನೆ. ಆದರೆ ನೋಡುವವರಿಗೆ ಕೊಟ್ಟ ಮಾತು ಮುರಿದಿದೆ. ಕೃತ್ಯವೊಂದೇ ಆದರೂ ಭಾವಕ್ಕೆ ತಕ್ಕಂತೆ ಅದರ ಫಲ ಬೇರೆಯಾಗುತ್ತದೆಂಬ ಮಾತಿಗೆ ಇದಕ್ಕಿಂತ ಸುಲಭವಾದ ದೃಷ್ಟಾಂತ ಬೇಕಿಲ್ಲ. ದಶಲಕ್ಷಣ ಧರ್ಮಗಳಲ್ಲಿ ಮಾರ್ದವವನ್ನೂ ಆರ್ಜವವನ್ನೂ ಒಂದರ ಬಳಿಕ ಒಂದಾಗಿ ಹೇಳಿರುವುದು ಇಲ್ಲಿ ನೆನಪಾಗುತ್ತದೆ. ಮಾರ್ದವವು ಬಲದ ಗರ್ವವನ್ನು ಕರಗಿಸುತ್ತದೆ. ಆರ್ಜವವು ಮಾಯೆಯನ್ನು ದೂರವಿಡುತ್ತದೆ. ಕೈತಡೆದು ಆಡುವವನಿಗೆ ಇವೆರಡೂ ಬೇಕು.

ತುಂಗಭದ್ರೆಯ ದಡದ ಕಂಪ್ಲಿಯ ಹೆಸರನ್ನು ಹೊತ್ತ ರಾಜ್ಯವು ವಿಜಯನಗರಕ್ಕೂ ಹಿಂದಿನದು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನ್ ಗುರ್ಷಾಸ್ಪನಿಗೆ ಆಶ್ರಯವಿತ್ತ ಕಂಪಿಲರಾಯನು 1327ರಲ್ಲಿ ದೆಹಲಿಯ ಸೈನ್ಯದೊಡನೆ ಕಾದಿ ಮಡಿದನು. ಅವನ ಮಗ ಕುಮಾರರಾಮನ ಕಥೆಯನ್ನು ನಂಜುಂಡ ಕವಿಯು ಹದಿನಾರನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ಹಾಡಿದನು; ಜನಪದರು ಇಂದಿಗೂ ಹೇಳುತ್ತಾರೆ. ಆ ಕಥೆಯ ತಿರುವು ಒಂದು ಚೆಂಡಾಟದಿಂದ ಆರಂಭವಾಗುತ್ತದೆ. ರಾಮನ ಚೆಂಡು ಕಿರಿಯ ಮಲತಾಯಿ ರತ್ನಾಜಿಯ ಮನೆಯಂಗಳದಲ್ಲಿ ಬೀಳುತ್ತದೆ. ಚೆಂಡನ್ನು ತರಲು ಹೋದ ಅವನು ಅವಳ ಪ್ರಲೋಭನೆಗೆ ಒಳಗಾಗದೆ, ಅದರ ಫಲವಾಗಿ ಬಂದ ಅಪವಾದವನ್ನೂ ಕಷ್ಟವನ್ನೂ ಹೊರುತ್ತಾನೆ. ಅವನ ಪರಾಕ್ರಮದ ಕಥೆಗಳು ಹಲವಿದ್ದರೂ ನಾಡು ಅವನಿಗೆ ಕೊಟ್ಟ ಬಿರುದು 'ಪರನಾರೀಸಹೋದರ' ಎಂಬುದು. ಗೆದ್ದ ಕಾಳಗಗಳಿಗಿಂತ ಮಿಗಿಲಾಗಿ ತನ್ನನ್ನು ತಾನು ತಡೆದುಕೊಂಡ ಒಂದು ಗಳಿಗೆಯಿಂದ ಅವನ ಹೆಸರು ಉಳಿಯಿತು. ಬಲಕ್ಕೆ ಸಂಯಮವೇ ಭೂಷಣವೆಂಬ ಭಾವನೆ ಈ ಸೀಮೆಯ ಜನಮನದಲ್ಲಿ ಎಷ್ಟು ಆಳವಾಗಿದೆಯೆಂಬುದಕ್ಕೆ ಇದು ಸಾಕ್ಷಿ.

ಬಲ್ಲವನ ಸಂಯಮಕ್ಕೆ ಪರಮೋಚ್ಚ ದೃಷ್ಟಾಂತವನ್ನು ಬಾಹುಬಲಿಸ್ವಾಮಿಯ ಚರಿತ್ರೆಯಲ್ಲಿ ಕಾಣಬಹುದು. ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿಯೂ, 941ರಲ್ಲಿ ಪಂಪನು ರಚಿಸಿದ 'ಆದಿಪುರಾಣ'ದಲ್ಲಿಯೂ ಬರುವ ಆ ಕಥೆ ಓದುಗರಿಗೆ ಸುಪರಿಚಿತವಾದುದು. ಎರಡು ಸೈನ್ಯಗಳ ಅಸಂಖ್ಯಾತ ಜೀವಗಳು ಹಾಳಾಗಬಾರದೆಂದು ಮಂತ್ರಿಗಳು ಅಣ್ಣತಮ್ಮಂದಿರಿಬ್ಬರಿಗೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸಿದರು. ಯುದ್ಧವನ್ನು ಆಟವಾಗಿ ಪರಿವರ್ತಿಸಿದ ಮಹತ್ಕಾರ್ಯವದು. ಬಾಹುಬಲಿಯು ಅಣ್ಣನಿಗಿಂತ ಎತ್ತರದವನು. ದೃಷ್ಟಿಯುದ್ಧದಲ್ಲಿಯೂ ಜಲಯುದ್ಧದಲ್ಲಿಯೂ ಅವನೇ ಗೆದ್ದನು. ಮಲ್ಲಯುದ್ಧದಲ್ಲಿ ಭರತನನ್ನು ಮೇಲೆತ್ತಿದನು. ನೆಲಕ್ಕೆ ಅಪ್ಪಳಿಸುವುದೊಂದೇ ಉಳಿದಿತ್ತು. ಆ ಗಳಿಗೆಯಲ್ಲಿ ಇವನು ಹಿರಿಯನು, ಪೂಜ್ಯನು ಎಂಬ ಭಾವ ಮೂಡಿ ಅವನು ಅಣ್ಣನನ್ನು ಕೆಡಹಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ದಯೆಯಿಂದ ಎಲ್ಲವೂ ಸರಿಹೋಯಿತೆಂದು ಹೇಳಬಹುದಾಗಿತ್ತು. ಪುರಾಣಕಾರರು ಹಾಗೆ ಹೇಳಲಿಲ್ಲ. ಎರಡು ಸೈನ್ಯಗಳೂ ನೋಡುತ್ತಿರುವಾಗ ತಮ್ಮನ ತೋಳಿನಲ್ಲಿ ಎತ್ತಲ್ಪಟ್ಟು, ಕರುಣೆಯಿಂದ ಬಿಡಲ್ಪಟ್ಟ ಭರತ ಚಕ್ರವರ್ತಿಗೆ ಉಂಟಾದುದು ಕೃತಜ್ಞತೆಯಲ್ಲ, ಅವಮಾನ. ಆ ಅವಮಾನದ ಉರಿಯಲ್ಲಿ ಅವನು ತಮ್ಮನ ಮೇಲೆ ಚಕ್ರರತ್ನವನ್ನೇ ಪ್ರಯೋಗಿಸಿದನು. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಜಯಿಸಿದವನಿಗೆ ಆಗ ವೈರಾಗ್ಯ ಹುಟ್ಟಿತು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಟನು. ಬಳ್ಳಿಗಳು ಮೈಗೆ ಹಬ್ಬುವಷ್ಟು ಕಾಲ ನಿಂತು ತಪಸ್ಸು ಮಾಡಿದರೂ, ತನ್ನಿಂದ ಅಣ್ಣನು ನೊಂದನೆಂಬ ಅಳುಕು ಮನಸ್ಸಿನ ಮೂಲೆಯಲ್ಲಿ ಉಳಿದಿತ್ತು. ಭರತನೇ ಬಂದು ನಮಸ್ಕರಿಸಿದಾಗ ಅದು ಕರಗಿ ಕೇವಲಜ್ಞಾನವಾಯಿತು.

ಆಟದ ನೀತಿಯನ್ನು ವಿಚಾರ ಮಾಡುವವರು ಈ ಕಥೆಯಿಂದ ಎರಡು ಸಂಗತಿಗಳನ್ನು ಗ್ರಹಿಸಬೇಕು. ಬಲ್ಲವನು ತೋರುವ ಕರುಣೆ ಹತ್ತು ಜನರ ಕಣ್ಣಿಗೆ ಬೀಳುವಂತಿದ್ದರೆ ಅದು ಸೋತವನಿಗೆ ಏಟಿಗಿಂತ ಹೆಚ್ಚು ನೋವನ್ನು ಕೊಡಬಲ್ಲುದು. ಬಾಹುಬಲಿಯಂತಹ ಶುದ್ಧಭಾವದವನು ತೋರಿದ ಗೌರವವೂ ಭರತನನ್ನು ನೋಯಿಸಿತೆಂದ ಮೇಲೆ, ಸಾಮಾನ್ಯರು "ಹೋಗಲಿ, ನಿನಗಾಗಿ ಬಿಟ್ಟುಕೊಟ್ಟೆ" ಎಂದು ಬಾಯಿಬಿಟ್ಟು ಹೇಳಿ ಕೊಡುವ ಗೆಲವಿನ ಕಹಿಯನ್ನು ಹೇಳಬೇಕಾಗಿಲ್ಲ. ಎರಡನೆಯದಾಗಿ, ನೋವನ್ನು ನಿಜವಾಗಿ ಕಳೆದದ್ದು ಕೆಡಹದೆ ಬಿಟ್ಟ ಆ ಕ್ಷಣವಲ್ಲ. ಗೆಲವಿನ ಫಲವನ್ನೇ ತ್ಯಜಿಸಿದ ಆ ನಿರ್ಧಾರ ಮತ್ತು ಅದಕ್ಕೆ ಅಣ್ಣನು ಮಣಿದು ತೋರಿದ ಪ್ರೀತಿ. ಹದಿನಾರನೆಯ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿಯು 'ಭರತೇಶ ವೈಭವ'ದಲ್ಲಿ ಈ ಪ್ರಸಂಗವನ್ನು ಬೇರೆಯಾಗಿ ನಡೆಸುತ್ತಾನೆ. ಅಲ್ಲಿ ಅಣ್ಣತಮ್ಮಂದಿರು ಕೈಕೈ ಮಿಲಾಯಿಸುವುದಿಲ್ಲ. ಭರತನು ಮೃದುವಾದ ಮಾತುಗಳಿಂದ ತಮ್ಮನ ಮೇಲ್ಮೆಯನ್ನು ತಾನೇ ಒಪ್ಪಿಕೊಳ್ಳುತ್ತಾನೆ. ತಮ್ಮನ ಬಿಗುಮಾನ ಅದರಿಂದ ಕರಗುತ್ತದೆ. ಹಂಪೆಯಲ್ಲಿ ಮಲ್ಲರು ಸೆಣಸುತ್ತಿದ್ದ ಅದೇ ಶತಮಾನದಲ್ಲಿ ಕನ್ನಡದ ಜೈನಕವಿಯೊಬ್ಬನು ಯಾರೂ ಅವಮಾನಗೊಳ್ಳದ ಒಂದು ಸ್ಪರ್ಧೆಯನ್ನು ಕಲ್ಪಿಸಲು ಪ್ರಯತ್ನಿಸಿದನು.

ಹೊರದೇಶಗಳವರೂ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಜಪಾನೀಯರು 'ಗೋ' ಎಂಬ ಹಲಗೆಯಾಟದಲ್ಲಿ ಕಡಮೆ ಬಲ್ಲವನಿಗೆ ಆಟದ ಆರಂಭದಲ್ಲಿಯೇ ಎರಡರಿಂದ ಒಂಬತ್ತರವರೆಗೆ ಹೆಚ್ಚಿನ ಕಲ್ಲುಗಳನ್ನು ಇಡಲು ಅವಕಾಶ ಕೊಡುತ್ತಾರೆ. ಬಳಿಕ ಇಬ್ಬರೂ ಪೂರ್ಣಮನಸ್ಸಿನಿಂದ ಆಡುತ್ತಾರೆ. ಚದುರಂಗದಲ್ಲಿ ಹಿಂದೆ ಯೂರೋಪು, ಅಮೆರಿಕಗಳ ಪ್ರಸಿದ್ಧ ಆಟಗಾರರು ತಮ್ಮ ಒಂದು ಪದಾತಿಯನ್ನೋ ಕುದುರೆಯನ್ನೋ ಮೊದಲೇ ತೆಗೆದಿಟ್ಟು ಎಳೆಯರೊಡನೆ ಆಡುತ್ತಿದ್ದರು. ಇಲ್ಲಿ ಕೊಡುಗೆಯಿದೆ, ಆದರೆ ಅದು ಬಹಿರಂಗವಾಗಿ ಒಪ್ಪಿಕೊಂಡ ಕೊಡುಗೆ. ಗೆದ್ದ ಎಳೆಯನಿಗೆ ತಾನು ಎಷ್ಟು ನೆರವಿನಿಂದ ಗೆದ್ದೆನೆಂಬುದು ಗೊತ್ತು. ಮುಂದಿನ ವರ್ಷ ಒಂದು ಕಲ್ಲು ಕಡಮೆಯಾದರೆ ತಾನು ಎಷ್ಟು ಬೆಳೆದೆನೆಂಬುದೂ ಗೊತ್ತು. ಆಟಗಾರರ ಸಾಮರ್ಥ್ಯವನ್ನು ಅಂಕೆಗಳಲ್ಲಿ ಅಳೆಯುವ ಆರ್ಪಾಡ್ ಎಲೊ ಅವರ ಪದ್ಧತಿಯನ್ನು ಅಂತಾರಾಷ್ಟ್ರೀಯ ಚದುರಂಗ ಸಂಸ್ಥೆಯು 1970ರಲ್ಲಿ ಅಂಗೀಕರಿಸಿತು. ಮಾನಸೋಲ್ಲಾಸದ ವರ್ಗೀಕರಣದ ಉದ್ದೇಶವೇ ಇಲ್ಲಿ ಗಣಿತದ ರೂಪವನ್ನು ತಾಳಿತೆನ್ನಬಹುದು.

ಇಂದಿನ ವಿಡಿಯೊ ಆಟಗಳು ಈ ಅಂಕೆಗಳ ಪದ್ಧತಿಯನ್ನೇ ಬಳಸಿ, ಪರಸ್ಪರ ಮುಖ ಕಾಣದ ಆಟಗಾರರನ್ನು ಸಮಬಲಕ್ಕೆ ತಕ್ಕಂತೆ ಜೋಡಿ ಮಾಡುತ್ತವೆ. ಪಾಯೆಸನು ಕಂಡ ತೀರ್ಪುಗಾರರ ಕೆಲಸವನ್ನು ಈಗ ಯಂತ್ರವು ಮಾಡುತ್ತಿದೆ. ಆದರೆ ಆ ಯಂತ್ರವನ್ನು ವಂಚಿಸುವವರೂ ಇದ್ದಾರೆ. ನುರಿತ ಆಟಗಾರರು ಹೊಸ ಹೆಸರಿನಿಂದ ಒಳಹೊಕ್ಕು, ಎಳೆಯರ ನಡುವೆ ಎಳೆಯರಂತೆ ನಟಿಸಿ, ಅವರನ್ನು ಸುಲಭವಾಗಿ ಸೋಲಿಸಿ ಸಂತೋಷಪಡುವುದುಂಟು. ದುರ್ಬಲನನ್ನು ಹುಡುಕಿಕೊಂಡು ಹೋಗಿ ಸೋಲಿಸುವ ಈ ಸುಖದಲ್ಲಿ ಮಾನಕಷಾಯವೂ ಮಾಯಾಕಷಾಯವೂ ಒಟ್ಟಿಗೆ ಕೂಡಿವೆ. ಇನ್ನೊಂದು ಕಡೆ, ಹೊಸಬರು ಬೇಸತ್ತು ಬಿಟ್ಟುಹೋಗದಿರಲೆಂದು ಆಟದ ಕಂಪನಿಗಳು ಅವರ ಎದುರಿಗೆ ಯಂತ್ರಚಾಲಿತ ಆಟಗಾರರನ್ನು ನಿಲ್ಲಿಸುವುದೂ ಇದೆ. ಫೋರ್ಟ್‌ನೈಟ್ ಎಂಬ ಆಟದವರು 2019ರಲ್ಲಿ ಇದನ್ನು ಪ್ರಕಟವಾಗಿಯೇ ತಿಳಿಸಿದರು. ತಿಳಿಸಿ ಮಾಡಿದರೆ ಅದು ಗೋ ಆಟದ ಕಲ್ಲಿನಂತೆ. ತಿಳಿಸದೆ ಮಾಡಿದರೆ ಅರಸನ ಮುಂದೆ ಬೇಕೆಂದೇ ಬಿದ್ದ ಮಲ್ಲನಂತೆ. ಅವನಿಗೆ ಬೇಕಾದುದು ಅರಸನ ಕೃಪೆ, ಇವರಿಗೆ ಬೇಕಾದುದು ಹುಡುಗನ ಹೊತ್ತು ಮತ್ತು ಹಣ.

ಇಷ್ಟನ್ನೂ ಕೂಡಿಸಿ ನೋಡಿದರೆ ಗೃಹಸ್ಥರ ಮನೆಗಳಿಗೂ, ಪರ್ವಗಳ ಸಂದರ್ಭದಲ್ಲಿ ಮಕ್ಕಳಿಗೆ ಸ್ಪರ್ಧೆಗಳನ್ನು ನಡೆಸುವ ಬಸದಿಯ ಆಡಳಿತ ಮಂಡಳಿಗಳಿಗೂ ಕೆಲವು ಮಾತು ಹೊಳೆಯುತ್ತವೆ. ಮಹಾವೀರ ಜಯಂತಿಯಂದು ಏಳು ವರ್ಷದ ಮಗುವನ್ನೂ ಹದಿನಾಲ್ಕು ವರ್ಷದ ಹುಡುಗನನ್ನೂ ಒಂದೇ ಸ್ಪರ್ಧೆಯಲ್ಲಿ ಕೂರಿಸಿ, ಬಳಿಕ ಹಿರಿಯನಿಗೆ ಕರುಣೆಯನ್ನು ಬೋಧಿಸುವುದು ಸರಿಯಾದ ಕ್ರಮವಲ್ಲ. ಸಮತೆಯನ್ನು ಮೊದಲೇ ಏರ್ಪಡಿಸುವುದು ನಡೆಸುವವರ ಹೊಣೆ. ಕಿರಿಯರಿಗೆ ರಿಯಾಯಿತಿ ಕೊಡುವುದಾದರೆ ಅದನ್ನು ಆರಂಭದಲ್ಲಿಯೇ ಸಾರಿ ಕೊಡಬೇಕು. ಎಲ್ಲರ ಮುಂದೆ ಸೋತ ಮಗುವನ್ನು ಹಾಗೆಯೇ ಮನೆಗೆ ಕಳುಹಿಸದೆ, ಹೆಚ್ಚು ಶ್ರಮಪಟ್ಟವನಿಗೂ ಒಂದು ಗೌರವವನ್ನು ಇರಿಸಬಹುದು. ಗಾಯಗೊಂಡ ಮಲ್ಲನಿಗೆ ರೇಷ್ಮೆಯನ್ನು ಹೊದಿಸಿದ ಊರಿನವರಿಗೆ ಇದು ಹೊಸತೇನಲ್ಲ.

ಮನೆಯೊಳಗಿನ ಆಟಕ್ಕೆ ಗರಡಿಯ ಕ್ರಮವೇ ಮೇಲು. ಅಣ್ಣನು ತನ್ನ ವೇಗವನ್ನು ತಗ್ಗಿಸಲಿ, ಸುಲಭವಾದ ದಾರಿಯನ್ನು ತಮ್ಮನಿಗೆ ಬಿಟ್ಟು ಕಷ್ಟವಾದುದನ್ನು ತಾನು ಹಿಡಿಯಲಿ, ಒಂದು ಕೈಯಿಂದ ಆಡಲಿ. ತಮ್ಮನು ಸರಿಯಾಗಿ ಆಡಿದಾಗ ಅದು ಫಲಿಸಲಿ. ತಪ್ಪಿದಾಗ ತಪ್ಪಿತೆಂದು ತಿಳಿಯಲಿ. ಹಾಗೆ ಆಡಿದ ದಿನ ತಮ್ಮನು ಗೆದ್ದರೆ ಆ ಗೆಲವು ಅವನದೇ. ಸೋತರೆ ನಾಳೆಯೂ ಆಡಲು ಬರುತ್ತಾನೆ.

ಹಂಪೆಯ ದಿಬ್ಬದ ಮೇಲೆ ಈಗ ಅರಸನಿಲ್ಲ, ತೀರ್ಪುಗಾರರಿಲ್ಲ. ಕಲ್ಲಿನ ಮಲ್ಲರು ಮಾತ್ರ ಐನೂರು ವರ್ಷಗಳಿಂದ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದಾರೆ. ಅವರಲ್ಲಿ ಉಸ್ತಾದನು ಯಾರು, ಕಲಿಯುವವನು ಯಾರು ಎಂಬುದನ್ನು ಶಿಲ್ಪಿಯು ಗುರುತಿಸಿಲ್ಲ. ಮುಂದಿನ ಸಲ ಮಕ್ಕಳೊಡನೆ ಅಲ್ಲಿಗೆ ಹೋದವರು ಆನೆಗಳ ಸಾಲನ್ನು ತೋರಿಸಿದ ಮೇಲೆ ಈ ಮಲ್ಲರ ಬಳಿಯೂ ಒಂದು ಗಳಿಗೆ ನಿಂತು, ಮೇಲಿನ ಪ್ರಶ್ನೆಯನ್ನು ಮಕ್ಕಳನ್ನೇ ಕೇಳಿ ನೋಡಬಹುದು.